ನೆತ್ತರಿನ ಪರೀಕ್ಷೆ, ನಂಬಿಕೆಯ ಪರೀಕ್ಷೆ: ‘ದ ಥಿಂಗ್’ ಚಿತ್ರದ ಭಯ ಮತ್ತು ತರ್ಕ

ಭಯಾನಕ ಚಿತ್ರ, ವೈಜ್ಞಾನಿಕ ಕಲ್ಪನೆಯ ಚಿತ್ರ ಮತ್ತು ಪತ್ತೇದಾರಿ ಚಿತ್ರ ಎಂಬ ಮೂರು ಪ್ರಕಾರಗಳು ಪ್ರೇಕ್ಷಕನ ಮುಂದೆ ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಇಡುತ್ತವೆ. ಮೊದಲನೆಯದು ಕೊನೆಯವರೆಗೆ ಉಳಿಯುವವರು ಯಾರು ಎಂದು ಕೇಳಿದರೆ, ಎರಡನೆಯದು ಹೀಗೊಂದು ಸಂಗತಿ ನಿಜವಾದರೆ ಲೋಕದ ಗತಿ ಏನಾದೀತು ಎಂದು ಕೇಳುತ್ತದೆ, ಮೂರನೆಯದು ಇದನ್ನು ಮಾಡಿದವರು ಯಾರು ಎಂದು ಹುಡುಕುತ್ತದೆ. ಈ ಮೂರನ್ನೂ ಒಂದೇ ಪ್ರಶ್ನೆಯಾಗಿ ಬೆಸೆದ ಚಿತ್ರಗಳು ವಿರಳವಾಗಿದ್ದು, ಅವುಗಳಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವಂಥದ್ದು ಅಮೆರಿಕದ ನಿರ್ದೇಶಕ ಜಾನ್ ಕಾರ್ಪೆಂಟರ್ 1982ರಲ್ಲಿ ತೆರೆಗೆ ತಂದ ‘ದ ಥಿಂಗ್’. ಇತರ ಜೀವಿಗಳನ್ನು ಒಳಗೊಂಡು ಅವುಗಳ ರೂಪವನ್ನೇ ತಾಳಬಲ್ಲ ಅನ್ಯಗ್ರಹ ಜೀವಿಯೊಂದು ತಮ್ಮ ನಡುವೆ ಸೇರಿಕೊಂಡಿದೆ ಎಂದು ತಿಳಿದ ಹನ್ನೆರಡು ಮಂದಿಗೆ, ಕೊಲೆಗಾರ ಯಾರೆಂಬ ಪ್ರಶ್ನೆಯೂ ಮನುಷ್ಯ ಯಾರೆಂಬ ಪ್ರಶ್ನೆಯೂ ಬೇರೆಯಾಗಿ ಉಳಿಯುವುದಿಲ್ಲ. ಬಿಡುಗಡೆಯಾದ ವರ್ಷ ವಿಮರ್ಶಕರ ತಿರಸ್ಕಾರಕ್ಕೆ ಗುರಿಯಾದ ಈ ಚಿತ್ರ ನಾಲ್ಕು ದಶಕಗಳ ನಂತರ ತನ್ನ ಪ್ರಕಾರದ ಶ್ರೇಷ್ಠ ಕೃತಿಯೆಂದು ಮನ್ನಣೆ ಪಡೆದಿರುವುದಕ್ಕೆ ಅದರ ವಿಕಾರ ರೂಪಗಳಷ್ಟೇ ಕಾರಣವಾಗಿರಲಾರವು. ಒಬ್ಬನನ್ನು ಪರೀಕ್ಷಿಸಿ ಸಾಬೀತುಪಡಿಸುವುದಕ್ಕೂ ಅವನನ್ನು ನಂಬುವುದಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಅದು ಕೊನೆಯ ಹೆಜ್ಜೆಯವರೆಗೂ ರಾಜಿಯಿಲ್ಲದೆ ಅಳೆದು ತೋರಿಸಿದ್ದೇ ಅದರ ನಿಜವಾದ ಬಲ.

ನಿಯತಕಾಲಿಕೆಯ ಪುಟದಿಂದ ತೆರೆಗೆ

ಚಿತ್ರದ ಮೂಲ 1938ರ ಆಗಸ್ಟ್ ತಿಂಗಳಲ್ಲಿ ‘ಅಸ್ಟೌಂಡಿಂಗ್ ಸೈನ್ಸ್ ಫಿಕ್ಷನ್’ ಎಂಬ ಅಮೆರಿಕದ ನಿಯತಕಾಲಿಕೆಯಲ್ಲಿ ಪ್ರಕಟವಾದ ‘ಹೂ ಗೋಸ್ ದೇರ್?’ ಎಂಬ ನೀಳ್ಗತೆ. ಅದನ್ನು ಬರೆದ ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್ ಅದೇ ಪತ್ರಿಕೆಯ ಸಂಪಾದಕರಾಗಿದ್ದು, ಡಾನ್ ಎ. ಸ್ಟುವರ್ಟ್ ಎಂಬ ಗುಪ್ತನಾಮದಲ್ಲಿ ಕಥೆಯನ್ನು ಪ್ರಕಟಿಸಿದರು. ಕ್ಯಾಂಪ್‌ಬೆಲ್‌ರ ತಾಯಿಗೆ ತದ್ರೂಪಿ ಅವಳಿ ಸೋದರಿಯೊಬ್ಬರಿದ್ದರೆಂದೂ, ಎದುರಿಗೆ ನಿಂತವರು ತನ್ನನ್ನು ಪ್ರೀತಿಸುವ ತಾಯಿಯೋ ತನ್ನನ್ನು ಕಂಡರಾಗದ ಚಿಕ್ಕಮ್ಮನೋ ಎಂದು ಬಾಲಕನಿಗೆ ತಿಳಿಯದೆ ಹೋಗುತ್ತಿದ್ದ ಅನುಭವವೇ ಈ ಕಥೆಯ ಬೇರಾಗಿರಬಹುದೆಂದೂ ಅವರ ಬದುಕನ್ನು ಕುರಿತು ಬರೆದವರು ಹೇಳುತ್ತಾರೆ. ಕಥೆಯಲ್ಲಿ ಅಂಟಾರ್ಕ್ಟಿಕಾದ ನೆಲೆಯೊಂದರಲ್ಲಿರುವ ಮೂವತ್ತೇಳು ಮಂದಿ ಹಿಮದಡಿಯಲ್ಲಿ ಹೂತಿದ್ದ ಜೀವಿಯೊಂದನ್ನು ಹೊರತೆಗೆದು, ಕರಗಿಸಿ, ಆಮೇಲೆ ತಮ್ಮಲ್ಲಿ ಮನುಷ್ಯರಾಗಿ ಉಳಿದವರು ಯಾರೆಂದು ತಿಳಿಯದೆ ತತ್ತರಿಸುತ್ತಾರೆ; ಆದರೂ ಕೊನೆಗೆ ವಿಜ್ಞಾನದ ವಿಧಾನವೇ ಗೆದ್ದು ಮನುಷ್ಯಕುಲ ಪಾರಾಗುತ್ತದೆ.

ಈ ಕಥೆ 1951ರಲ್ಲಿ ಮೊದಲ ಬಾರಿಗೆ ‘ದ ಥಿಂಗ್ ಫ್ರಂ ಅನದರ್ ವರ್ಲ್ಡ್’ ಎಂಬ ಹೆಸರಿನಿಂದ ಚಿತ್ರವಾಯಿತು. ಹೊವಾರ್ಡ್ ಹಾಕ್ಸ್ ನಿರ್ಮಿಸಿ ಕ್ರಿಶ್ಚಿಯನ್ ನೈಬಿ ನಿರ್ದೇಶಿಸಿದ ಆ ಚಿತ್ರ ಕಥೆಯನ್ನು ದಕ್ಷಿಣ ಧ್ರುವದ ಕಡೆಯಿಂದ ಉತ್ತರ ಧ್ರುವದ ಕಡೆಗೆ ಒಯ್ದದ್ದಲ್ಲದೆ, ರೂಪ ಬದಲಿಸುವ ಜೀವಿಯ ಬದಲು ಸಸ್ಯದಂತೆ ಬೆಳೆಯುವ, ರಕ್ತ ಹೀರಿ ಬದುಕುವ ಎತ್ತರದ ಆಳೊಬ್ಬನನ್ನು ಶತ್ರುವಾಗಿ ನಿಲ್ಲಿಸಿತು. ಶತ್ರು ಕಣ್ಣಿಗೆ ಕಾಣುವಂತಿದ್ದುದರಿಂದ ಅಲ್ಲಿ ಸೈನಿಕರು ಒಗ್ಗಟ್ಟಾಗಿ ಹೋರಾಡಿ ಗೆಲ್ಲುತ್ತಾರೆ. ಒಬ್ಬರನ್ನೊಬ್ಬರು ಶಂಕಿಸುವ ಅಗತ್ಯ ಅವರಿಗೆ ಬರುವುದೇ ಇಲ್ಲ. ಬಾಲ್ಯದಿಂದಲೇ ಈ ಚಿತ್ರವನ್ನು ಮೆಚ್ಚಿಕೊಂಡಿದ್ದ ಕಾರ್ಪೆಂಟರ್ ತಮ್ಮ 1978ರ ‘ಹ್ಯಾಲೋವೀನ್’ ಚಿತ್ರದ ಮನೆಯೊಂದರ ಟಿವಿಯಲ್ಲಿ ಅದು ಪ್ರಸಾರವಾಗುತ್ತಿರುವಂತೆ ತೋರಿಸಿದ್ದರು. ಆದರೂ ಅದನ್ನು ಮತ್ತೆ ನಿರ್ಮಿಸುವ ಅವಕಾಶ ದೊರೆತಾಗ ಅವರೂ ಚಿತ್ರಕಥೆಗಾರ ಬಿಲ್ ಲ್ಯಾಂಕಾಸ್ಟರ್ ಅವರೂ ಹಳೆಯ ಚಿತ್ರವನ್ನು ಬದಿಗಿಟ್ಟು ಕ್ಯಾಂಪ್‌ಬೆಲ್‌ರ ಕಥೆಗೆ ಮರಳಿದರು. ಮೂವತ್ತೇಳು ಮಂದಿಯನ್ನು ಹನ್ನೆರಡಕ್ಕೆ ಇಳಿಸಿ, ಕಥೆಯ ಗೆಲುವಿನ ಅಂತ್ಯವನ್ನು ಕೈಬಿಟ್ಟರು.

ಪತ್ತೇದಾರನಿಲ್ಲದ ಪತ್ತೇದಾರಿ ಕಥೆ

ಚಿತ್ರ ಆರಂಭವಾಗುವುದು 1982ರ ಚಳಿಗಾಲದ ಮೊದಲ ವಾರದಲ್ಲಿ, ಬಿಳಿಯ ಬಯಲಿನಲ್ಲಿ ಓಡುತ್ತಿರುವ ನಾಯಿಯೊಂದನ್ನು ಹೆಲಿಕಾಪ್ಟರಿನಿಂದ ಗುಂಡಿಟ್ಟು ಕೊಲ್ಲಲು ಯತ್ನಿಸುವ ಇಬ್ಬರು ನಾರ್ವೆ ದೇಶದವರಿಂದ. ನಾಯಿ ಅಮೆರಿಕದ ‘ಔಟ್‌ಪೋಸ್ಟ್ 31’ ಎಂಬ ಸಂಶೋಧನಾ ನೆಲೆಯನ್ನು ಸೇರುತ್ತದೆ. ಬೆನ್ನಟ್ಟಿ ಬಂದವರಿಬ್ಬರೂ ಕೆಲವೇ ನಿಮಿಷಗಳಲ್ಲಿ ಸಾಯುತ್ತಾರೆ. ಅವರಲ್ಲೊಬ್ಬ ಕೂಗಿ ಹೇಳುವ ಎಚ್ಚರಿಕೆ ನಾರ್ವೇಜಿಯನ್ ಭಾಷೆಯಲ್ಲಿರುವುದರಿಂದ ನೆಲೆಯ ಯಾರಿಗೂ ಅರ್ಥವಾಗುವುದಿಲ್ಲ. ಇದು ನಾಯಿಯಲ್ಲ, ದೂರ ಸರಿಯಿರಿ ಎಂಬುದೇ ಆ ಮಾತಿನ ಸಾರವಾಗಿದ್ದು, ಇಡೀ ರಹಸ್ಯದ ಉತ್ತರ ಮೊದಲ ದೃಶ್ಯದಲ್ಲಿಯೇ ಕೇಳುಗರಿಲ್ಲದೆ ಕಳೆದುಹೋಗುತ್ತದೆ. ನಾರ್ವೆಯವರ ಶಿಬಿರಕ್ಕೆ ಹೋದ ಹೆಲಿಕಾಪ್ಟರ್ ಚಾಲಕ ಮ್ಯಾಕ್‌ರೆಡಿ ಮತ್ತು ವೈದ್ಯ ಕಾಪರ್ ಅಲ್ಲಿ ಸುಟ್ಟ ಕಟ್ಟಡಗಳನ್ನೂ, ಒಳಗೆ ಏನನ್ನೋ ಹಿಡಿದಿಟ್ಟು ಈಗ ಟೊಳ್ಳಾಗಿರುವ ಮಂಜಿನ ದೊಡ್ಡ ಗಡ್ಡೆಯನ್ನೂ, ಎರಡು ಮುಖಗಳು ಬೆಸೆದುಕೊಂಡಂತಿರುವ ಕರಕಲು ದೇಹವೊಂದನ್ನೂ ಕಾಣುತ್ತಾರೆ. ಆ ಜೀವಿ ಬಂದಿಳಿದ ಬಾಹ್ಯಾಕಾಶ ನೌಕೆ ಕನಿಷ್ಠ 1,00,000 ವರ್ಷ ಹಳೆಯ ಹಿಮದಲ್ಲಿ ಹೂತಿತ್ತೆಂಬುದು ನಂತರ ತಿಳಿಯುತ್ತದೆ.

ಹೊರಗಿನ ಸಂಪರ್ಕವಿಲ್ಲದ ಸ್ಥಳ, ಸೀಮಿತ ಸಂಖ್ಯೆಯ ವ್ಯಕ್ತಿಗಳು, ಅವರಲ್ಲೇ ಅಡಗಿರುವ ಕೊಲೆಗಾರ ಎಂಬ ಈ ಕಟ್ಟು ಅಗಾಥಾ ಕ್ರಿಸ್ಟಿಯವರ ‘ಆಂಡ್ ದೆನ್ ದೇರ್ ವರ್ ನನ್’ ಕಾದಂಬರಿಯನ್ನು ಬಲ್ಲವರಿಗೆ ಪರಿಚಿತವಾದದ್ದು; ಆ ಕಾದಂಬರಿ 1939ರಲ್ಲಿ, ಎಂದರೆ ಕ್ಯಾಂಪ್‌ಬೆಲ್‌ರ ಕಥೆಯ ಮರುವರ್ಷ ಪ್ರಕಟವಾದದ್ದೆಂಬುದು ಗಮನಾರ್ಹ. ಪತ್ತೇದಾರಿ ಕಥೆಯ ಎಲ್ಲ ಪರಿಕರಗಳನ್ನೂ ಕಾರ್ಪೆಂಟರ್ ಶ್ರದ್ಧೆಯಿಂದ ಬಳಸುತ್ತಾರೆ. ಸಂಗ್ರಹದಲ್ಲಿರುವ ಶುದ್ಧ ರಕ್ತದೊಂದಿಗೆ ಪ್ರತಿಯೊಬ್ಬನ ರಕ್ತವನ್ನೂ ಬೆರೆಸಿ ಪರೀಕ್ಷಿಸೋಣ ಎಂದು ವೈದ್ಯರು ಸೂಚಿಸಿದೊಡನೆಯೇ ಯಾರೋ ಆ ರಕ್ತದ ಚೀಲಗಳನ್ನು ಹಾಳುಗೆಡವಿರುವುದು ಕಂಡುಬರುತ್ತದೆ. ಪೆಟ್ಟಿಗೆಯ ಬೀಗ ಮುರಿದಿಲ್ಲ. ಕೀಲಿ ಯಾರ ಬಳಿಯಿತ್ತು, ಯಾರು ಯಾರಿಂದ ಪಡೆದರು, ಯಾವ ಹೊತ್ತಿನಲ್ಲಿ ಎಲ್ಲಿ ಇಟ್ಟರು ಎಂಬ ವಿಚಾರಣೆ ಶುರುವಾಗುತ್ತದೆ. ಮ್ಯಾಕ್‌ರೆಡಿಯ ಗುಡಿಸಲಿನ ಬಳಿ ಅವನ ಹೆಸರಿರುವ ಹರಿದ ಬಟ್ಟೆ ಸಿಗುತ್ತದೆ.

ಆದರೆ ಪತ್ತೇದಾರಿ ಕಥೆಗೆ ಆಧಾರವಾದ ಒಂದು ಭರವಸೆಯನ್ನು ಮಾತ್ರ ಚಿತ್ರ ಕಿತ್ತುಹಾಕುತ್ತದೆ. ಸುಳಿವುಗಳನ್ನು ಜೋಡಿಸುವ ಪತ್ತೇದಾರ ಶಂಕಿತರ ಪಟ್ಟಿಯ ಹೊರಗೆ ನಿಂತಿರುತ್ತಾನೆಂಬ ವಿಶ್ವಾಸದಿಂದಲೇ ಓದುಗ ಅಂಥ ಕಥೆಯನ್ನು ನೆಮ್ಮದಿಯಿಂದ ಓದುತ್ತಾನೆ. ಇಲ್ಲಿಯಾದರೋ ವಿಚಾರಣೆ ನಡೆಸುವವನೂ ಶಂಕಿತನೇ, ಸುಳಿವನ್ನು ತಂದು ತೋರಿಸುವವನೂ ಶಂಕಿತನೇ. ಹರಿದ ಬಟ್ಟೆ ನಾಯಕನ ಮೇಲಿನ ಸಾಕ್ಷ್ಯವೋ, ಅವನನ್ನು ಸಿಕ್ಕಿಸಲು ಆ ಜೀವಿ ಹೂಡಿದ ಉಪಾಯವೋ ಎಂಬುದನ್ನು ನಿರ್ಧರಿಸುವ ದಾರಿ ಆ ಹೊತ್ತಿನಲ್ಲಿ ಪಾತ್ರಗಳಿಗೂ ಇಲ್ಲ, ಪ್ರೇಕ್ಷಕನಿಗೂ ಇಲ್ಲ. ಯಾರು ಯಾವಾಗ ಜೀವಿಗೆ ಬಲಿಯಾದರು ಎಂಬುದನ್ನು ಕ್ಯಾಮೆರಾ ಬಹುತೇಕ ಸಂದರ್ಭಗಳಲ್ಲಿ ತೋರಿಸದೆ ಬಿಡುವುದರಿಂದ, ನೋಡುವವನೂ ಆ ನೆಲೆಯ ಹದಿಮೂರನೆಯ ನಿವಾಸಿಯಂತೆ ಅರ್ಧ ಮಾಹಿತಿಯಲ್ಲೇ ತೀರ್ಪು ಕೊಡಬೇಕಾಗುತ್ತದೆ.

ಜೀವಕೋಶದ ಮಟ್ಟದ ನಕಲು

ಜೀವಶಾಸ್ತ್ರಜ್ಞ ಬ್ಲೇರ್ ಸತ್ತ ಜೀವಿಯ ಅಂಗಾಂಶವನ್ನು ಕತ್ತರಿಸಿ ನೋಡಿ ಕಂಡುಕೊಳ್ಳುವ ಪ್ರಕಾರ, ಈ ಜೀವಿ ಮತ್ತೊಂದು ಜೀವಿಯ ಜೀವಕೋಶಗಳನ್ನು ಒಂದೊಂದಾಗಿ ಆಕ್ರಮಿಸಿ, ಅವುಗಳನ್ನು ತನ್ನದಾಗಿಸಿಕೊಂಡು, ಮೂಲದ ತದ್ರೂಪನ್ನು ಕಟ್ಟುತ್ತದೆ. ಅವನ ಕಂಪ್ಯೂಟರಿನ ಲೆಕ್ಕಾಚಾರ ಎರಡು ಅಂಕಿಗಳನ್ನು ನೀಡುತ್ತದೆ: ತಂಡದಲ್ಲಿ ಒಬ್ಬನಾದರೂ ಈಗಾಗಲೇ ಸೋಂಕಿತನಾಗಿರುವ ಸಂಭವನೀಯತೆ ಶೇ. 75, ಜೀವಿ ಜನವಸತಿಯನ್ನು ತಲುಪಿದರೆ ಮೊದಲ ಸಂಪರ್ಕದಿಂದ 27,000 ಗಂಟೆಗಳಲ್ಲಿ, ಎಂದರೆ ಮೂರು ವರ್ಷಗಳಿಗೆ ತುಸು ಹೆಚ್ಚಿನ ಅವಧಿಯಲ್ಲಿ, ಭೂಮಿಯ ಮೇಲಿನ ಎಲ್ಲರೂ ಅದರ ವಶ. ಈ ಲೆಕ್ಕವನ್ನು ಯಾರೊಡನೆಯೂ ಹಂಚಿಕೊಳ್ಳಲಾರದ ಬ್ಲೇರ್, ನೆಲೆಯಿಂದ ಯಾರೂ ಹೊರಹೋಗದಂತೆ ರೇಡಿಯೋ ಮತ್ತು ಹೆಲಿಕಾಪ್ಟರನ್ನು ಒಡೆದುಹಾಕುತ್ತಾನೆ. ಉಳಿದವರ ಕಣ್ಣಿಗೆ ಹುಚ್ಚಾಗಿ ಕಾಣುವ ಈ ಕೃತ್ಯ ಅವನ ಲೆಕ್ಕದ ಪ್ರಕಾರ ಸಂಪೂರ್ಣ ವಿವೇಕದ್ದೇ ಆಗಿದೆ.

ಇಲ್ಲಿರುವ ಕಲ್ಪನೆಗೆ ನಿಜವಾದ ಜೀವವಿಜ್ಞಾನದಲ್ಲಿ ಹತ್ತಿರದ ನೆಂಟರಿದ್ದಾರೆ. ಬಹುಕೋಶ ಪ್ರಾಣಿಗಳ ರೋಗನಿರೋಧಕ ವ್ಯವಸ್ಥೆಯ ಮೂಲಭೂತ ಕೆಲಸವೇ ತನ್ನದು ಯಾವುದು, ಪರಕೀಯವಾದದ್ದು ಯಾವುದು ಎಂಬುದನ್ನು ಬೇರ್ಪಡಿಸುವುದು. ಈ ವಿವೇಚನೆ ಹುಟ್ಟಿನಿಂದಲೇ ಸಿದ್ಧವಾಗಿ ಬಂದದ್ದಾಗಿರದೆ ದೇಹ ಬೆಳೆಯುವಾಗ ಕಲಿತುಕೊಂಡದ್ದೆಂದು ತೋರಿಸಿದ ಕೆಲಸಕ್ಕಾಗಿ ಮ್ಯಾಕ್‌ಫರ್ಲೇನ್ ಬರ್ನೆಟ್ ಮತ್ತು ಪೀಟರ್ ಮೆಡಾವರ್ ಅವರಿಗೆ 1960ರ ನೊಬೆಲ್ ಪ್ರಶಸ್ತಿ ದೊರೆಯಿತು. ಕೆಲವು ರೋಗಾಣುಗಳು ದೇಹದ ಸ್ವಂತ ಪ್ರೋಟೀನುಗಳನ್ನು ಹೋಲುವ ಪ್ರೋಟೀನುಗಳನ್ನು ಹೊತ್ತು ಈ ಕಾವಲನ್ನು ಗೊಂದಲಕ್ಕೆ ಈಡುಮಾಡುತ್ತವೆ. ಗಂಟಲು ನೋವು ತರುವ ಸ್ಟ್ರೆಪ್ಟೊಕಾಕಸ್ ಗುಂಪಿನ ಒಂದು ಬ್ಯಾಕ್ಟೀರಿಯಾದ ಹೊರಮೈಯ ಪ್ರೋಟೀನು ಹೃದಯದ ಅಂಗಾಂಶದ ಪ್ರೋಟೀನನ್ನು ಹೋಲುವುದರಿಂದ, ಅದರ ವಿರುದ್ಧ ಎದ್ದ ರಕ್ಷಣಾ ಪಡೆ ಕೆಲವರಲ್ಲಿ ತನ್ನದೇ ದೇಹದ ಹೃದಯದ ಕವಾಟಗಳಿಗೆ ಹಾನಿಮಾಡುತ್ತದೆ. ಭಾರತದಲ್ಲಿ ಇಂದಿಗೂ ಕಾಣಸಿಗುವ ರುಮ್ಯಾಟಿಕ್ ಹೃದ್ರೋಗದ ಹಿಂದಿರುವುದು ಇದೇ ಪ್ರಕ್ರಿಯೆ. ಹೋಲಿಕೆ ಹೆಚ್ಚಿದಷ್ಟೂ ಕಾವಲುಗಾರನ ಏಟು ತನ್ನವರ ಮೇಲೆಯೇ ಬೀಳುವ ಅಪಾಯ ಹೆಚ್ಚುತ್ತದೆ ಎಂಬ ಈ ನಿಯಮ ಔಟ್‌ಪೋಸ್ಟ್ 31ರ ಒಳಗೂ ಅಕ್ಷರಶಃ ಜಾರಿಯಲ್ಲಿದೆ.

ಬಿಸಿ ತಂತಿಯ ಪರೀಕ್ಷೆ

ಚಿತ್ರದ ಹೃದಯಭಾಗವಾದ ರಕ್ತಪರೀಕ್ಷೆಯ ದೃಶ್ಯ ವೈಜ್ಞಾನಿಕ ವಿಧಾನದ ಒಂದು ಶುದ್ಧ ನಿದರ್ಶನವಾಗಿದೆ. ಹೃದಯಾಘಾತಕ್ಕೆ ಒಳಗಾದಂತೆ ಕಾಣುವ ನಾರಿಸ್ ಎಂಬಾತನ ಎದೆಗೆ ವೈದ್ಯರು ವಿದ್ಯುತ್ ಆಘಾತ ನೀಡುವಾಗ ಆ ಎದೆಯೇ ಬಾಯಿಯಂತೆ ತೆರೆದು ಅವರ ಕೈಗಳನ್ನು ಕಚ್ಚಿ ತುಂಡರಿಸುತ್ತದೆ; ಉರಿಯುತ್ತಿರುವ ದೇಹದಿಂದ ಬೇರ್ಪಟ್ಟ ತಲೆಗೆ ಜೇಡದ ಕಾಲುಗಳು ಮೂಡಿ, ಅದು ಸದ್ದಿಲ್ಲದೆ ತಪ್ಪಿಸಿಕೊಳ್ಳಲು ನೋಡುತ್ತದೆ. ಈ ಭೀಕರ ದೃಶ್ಯದಿಂದ ಮ್ಯಾಕ್‌ರೆಡಿ ಒಂದು ಊಹೆಯನ್ನು ಹೆಕ್ಕುತ್ತಾನೆ: ಈ ಜೀವಿಯ ಪ್ರತಿಯೊಂದು ತುಣುಕೂ ತನ್ನನ್ನು ತಾನು ಉಳಿಸಿಕೊಳ್ಳಬಯಸುವ ಸ್ವತಂತ್ರ ಜೀವಿಯೇ ಆಗಿದ್ದರೆ, ಅದರ ರಕ್ತವೂ ಬೆಂಕಿಯಿಂದ ಓಡಬೇಕು. ಎಲ್ಲರ ರಕ್ತವನ್ನೂ ಬೇರೆ ಬೇರೆ ಗಾಜಿನ ತಟ್ಟೆಗಳಲ್ಲಿ ಹಿಡಿದು, ಕಾಯಿಸಿದ ತಂತಿಯನ್ನು ಒಂದೊಂದಕ್ಕೂ ಮುಟ್ಟಿಸಿದಾಗ ಮನುಷ್ಯನ ರಕ್ತ ಬರಿದೆ ಚುರುಗುಟ್ಟಬೇಕು, ಇನ್ನೊಂದು ಪ್ರತಿಭಟಿಸಬೇಕು. ವಿಜ್ಞಾನಿಗಳೆಲ್ಲ ಸತ್ತೋ ಸೆರೆಯಾಗಿಯೋ ಇರುವ ಹೊತ್ತಿನಲ್ಲಿ ಒಬ್ಬ ಪೈಲಟ್ ಅವಲೋಕನ, ಊಹೆ, ಪ್ರಯೋಗ ಎಂಬ ಮೂರು ಮೆಟ್ಟಿಲುಗಳನ್ನು ಹತ್ತುತ್ತಾನೆ.

ಪ್ರಯೋಗ ಯಶಸ್ವಿಯಾಗುತ್ತದೆ, ಪಾಮರ್ ಎಂಬಾತನ ರಕ್ತ ತಟ್ಟೆಯಿಂದ ಚಿಮ್ಮುತ್ತದೆ. ಆದರೆ ಈ ಯಶಸ್ಸಿನ ಬೆಲೆಯನ್ನು ಚಿತ್ರ ಮುಚ್ಚಿಡುವುದಿಲ್ಲ. ಪರೀಕ್ಷೆಗೆ ಮೊದಲು ತನ್ನ ಮೇಲೆರಗಿದ ನಾಯಿಪಾಲಕ ಕ್ಲಾರ್ಕ್‌ನನ್ನು ಮ್ಯಾಕ್‌ರೆಡಿ ಗುಂಡಿಟ್ಟು ಕೊಂದಿರುತ್ತಾನೆ. ಸತ್ತವನ ರಕ್ತಕ್ಕೂ ತಂತಿ ಮುಟ್ಟಿಸಿದಾಗ ಅವನು ಮನುಷ್ಯನಾಗಿದ್ದನೆಂಬುದು ಸಾಬೀತಾಗುತ್ತದೆ, ಮ್ಯಾಕ್‌ರೆಡಿ ಒಬ್ಬ ಕೊಲೆಗಾರನೆಂಬುದೂ ಅದರೊಂದಿಗೆ ಸಾಬೀತಾದಂತಾಗುತ್ತದೆ. ಬ್ಯಾಕ್ಟೀರಿಯಾವನ್ನು ಅಟ್ಟಲು ಹೋಗಿ ಹೃದಯವನ್ನೇ ಗಾಯಗೊಳಿಸುವ ದೇಹದ ದುರಂತ ಇಲ್ಲಿ ಒಬ್ಬ ಮನುಷ್ಯನ ಕೈಯಲ್ಲಿ ಮರುಕಳಿಸಿದೆ. ಜೊತೆಗೆ, ಪರೀಕ್ಷೆ ತಿಳಿಸುವುದು ಆ ಕ್ಷಣದ ಸತ್ಯವನ್ನು ಮಾತ್ರ. ಮನುಷ್ಯನೆಂದು ತೇರ್ಗಡೆಯಾದವನು ಕತ್ತಲೆಯಲ್ಲಿ ಅರ್ಧ ಗಂಟೆ ಒಬ್ಬನೇ ಇದ್ದು ಮರಳಿದರೆ ಹಿಂದಿನ ಪ್ರಮಾಣಪತ್ರ ನಿರರ್ಥಕವಾಗುತ್ತದೆ. ನಂಬಿಕೆ ನಾಳೆಗೂ ಚಾಚಿಕೊಳ್ಳುವಂಥದ್ದಾದ್ದರಿಂದ, ಎಂಥ ನಿಖರವಾದ ಪರೀಕ್ಷೆಯೂ ಅದರ ಸ್ಥಾನವನ್ನು ತುಂಬಲಾರದು.

ರಬ್ಬರು, ಬೆಂಕಿ ಮತ್ತು ಹಿಮ

ಈ ತರ್ಕವನ್ನು ಕಣ್ಣಿಗೆ ಕಟ್ಟುವಂತೆ ಮಾಡಿದ್ದು ಕಂಪ್ಯೂಟರ್ ಗ್ರಾಫಿಕ್ಸ್ ಇನ್ನೂ ಬಲಿಯದ ಕಾಲದ ಕೈಕೆಲಸ. ವಿಶೇಷ ಪ್ರಸಾಧನ ಪರಿಣಾಮಗಳ ಹೊಣೆ ಹೊತ್ತಾಗ ರಾಬ್ ಬಾಟಿನ್ ಅವರಿಗೆ ಇಪ್ಪತ್ತೆರಡರ ಆಸುಪಾಸಿನ ವಯಸ್ಸು. ಈ ಜೀವಿಗೆ ತನ್ನದೆನ್ನಬಹುದಾದ ಸ್ಥಿರ ರೂಪವೇ ಇರಬಾರದು, ಅದು ಈವರೆಗೆ ನುಂಗಿದ ಎಲ್ಲ ಜೀವಿಗಳ ಆಕಾರಗಳನ್ನೂ ಬೇಕೆಂದಾಗ ಹೊರಹಾಕಬಲ್ಲದ್ದಾಗಿರಬೇಕು ಎಂಬುದು ಅವರ ಪರಿಕಲ್ಪನೆಯಾಗಿತ್ತು. ರಬ್ಬರು, ಪ್ಲಾಸ್ಟಿಕ್, ಯಂತ್ರದ ಕೀಲುಗಳು, ಅಂಟುದ್ರವಗಳನ್ನು ಬಳಸಿ ಒಂದು ವರ್ಷಕ್ಕೂ ಮಿಕ್ಕಿ ದುಡಿದ ಬಾಟಿನ್ ಕೊನೆಗೆ ಬಳಲಿಕೆಯಿಂದ ಆಸ್ಪತ್ರೆ ಸೇರಬೇಕಾಯಿತು. ನಾಯಿಗೂಡಿನ ದೃಶ್ಯದ ಜೀವಿಯನ್ನು ನಿರ್ಮಿಸಿಕೊಡಲು ಸ್ಟಾನ್ ವಿನ್‌ಸ್ಟನ್ ನೆರವಾದರು. ವೈದ್ಯರ ಕೈ ತುಂಡಾಗುವ ದೃಶ್ಯಕ್ಕಾಗಿ ಎರಡೂ ಕೈಗಳನ್ನು ಕಳೆದುಕೊಂಡಿದ್ದ ವ್ಯಕ್ತಿಯೊಬ್ಬರಿಗೆ ಕೃತಕ ಕೈಗಳನ್ನು ಜೋಡಿಸಿ ಚಿತ್ರೀಕರಿಸಲಾಯಿತು.

1981ರ ಆಗಸ್ಟ್‌ನಲ್ಲಿ ಆರಂಭವಾದ ಚಿತ್ರೀಕರಣದ ಒಳಾಂಗಣ ಭಾಗ ಲಾಸ್ ಏಂಜಲಿಸ್‌ನಲ್ಲಿ, ಹೊರಗೆ ಬೇಸಗೆಯ ಬಿಸಿಲಿದ್ದಾಗ ಕೃತಕವಾಗಿ ತಣ್ಣಗಾಗಿಸಿದ ಸ್ಟುಡಿಯೋಗಳಲ್ಲಿ ನಡೆಯಿತು. ಹೊರಾಂಗಣ ನೆಲೆಯನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸ್ಟುವರ್ಟ್ ಎಂಬ ಊರಿನ ಬಳಿ ಹಿಮ ಬೀಳುವ ಮೊದಲೇ ಕಟ್ಟಿ, ನಿಸರ್ಗವೇ ಅದನ್ನು ಹಿಮದಿಂದ ಮುಚ್ಚುವಂತೆ ಬಿಡಲಾಯಿತು. ಕೊನೆಯಲ್ಲಿ ಸ್ಫೋಟಿಸಿದ ಅಮೆರಿಕನ್ ನೆಲೆಯ ಅವಶೇಷಗಳನ್ನೇ ನಾರ್ವೆಯ ಸುಟ್ಟ ಶಿಬಿರವನ್ನಾಗಿ ಬಳಸಿದ್ದರಿಂದ, ಪ್ರೇಕ್ಷಕ ಆರಂಭದಲ್ಲಿ ನೋಡುವ ಬೂದಿ ವಾಸ್ತವದಲ್ಲಿ ಕಥೆಯ ಅಂತ್ಯದ ಬೂದಿಯೇ ಆಗಿದೆ. ಛಾಯಾಗ್ರಾಹಕ ಡೀನ್ ಕಂಡಿ ಹೊರಗಿನ ಹಿಮಕ್ಕೆ ನೀಲಿಯ ಛಾಯೆಯನ್ನೂ ಒಳಗಿನ ಕೋಣೆಗಳಿಗೆ ಬೆಚ್ಚನೆಯ ದೀಪದ ಬೆಳಕನ್ನೂ ಕೊಟ್ಟು, ಸುರಕ್ಷಿತವಾಗಿ ತೋರುವ ಒಳಗೇ ಅಪಾಯ ಮನೆಮಾಡಿರುವ ವಿಪರ್ಯಾಸವನ್ನು ಬಣ್ಣದಲ್ಲಿ ಹಿಡಿದರು. ಸಾಮಾನ್ಯವಾಗಿ ತಮ್ಮ ಚಿತ್ರಗಳಿಗೆ ತಾವೇ ಸಂಗೀತ ನೀಡುತ್ತಿದ್ದ ಕಾರ್ಪೆಂಟರ್ ಈ ಬಾರಿ ಇಟಲಿಯ ಎನ್ನಿಯೊ ಮೊರಿಕೋನೆ ಅವರನ್ನು ಆಶ್ರಯಿಸಿದರು; ಎದೆಬಡಿತದಂತೆ ಸಮನಾಗಿ ಮಿಡಿಯುವ ತಗ್ಗುದನಿಯ ಆ ಸ್ವರಗಳು ನೋಡುಗನನ್ನು ಬೆಚ್ಚಿಬೀಳಿಸುವ ಬದಲು ಅವನ ಆತಂಕವನ್ನು ಬಿಡದೆ ಕಾಯಿಸುತ್ತವೆ.

ತಿರಸ್ಕಾರದಿಂದ ಮನ್ನಣೆಗೆ

1982ರ ಜೂನ್ 25ರಂದು, ರಿಡ್ಲಿ ಸ್ಕಾಟ್ ಅವರ ‘ಬ್ಲೇಡ್ ರನ್ನರ್’ ತೆರೆಕಂಡ ದಿನವೇ, ‘ದ ಥಿಂಗ್’ ಅಮೆರಿಕದಲ್ಲಿ ಬಿಡುಗಡೆಯಾಯಿತು. ಅದಕ್ಕೆ ಎರಡು ವಾರಗಳ ಹಿಂದೆಯಷ್ಟೇ ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಬಂದು, ಬಾಲಕನೊಬ್ಬನ ಗೆಳೆಯನಾಗುವ ಮುದ್ದಾದ ಅನ್ಯಗ್ರಹ ಜೀವಿ ದೇಶದ ಮನಸ್ಸನ್ನು ಗೆದ್ದುಕೊಂಡಿತ್ತು. ಸುಮಾರು 1.5 ಕೋಟಿ ಡಾಲರ್ ವೆಚ್ಚದ ಕಾರ್ಪೆಂಟರ್ ಚಿತ್ರ ಅಮೆರಿಕದಲ್ಲಿ ಗಳಿಸಿದ್ದು ಸುಮಾರು 1.96 ಕೋಟಿ ಡಾಲರ್. ಚಿತ್ರಮಂದಿರಗಳ ಪಾಲು ಕಳೆದರೆ ಅದು ಸೋಲೇ ಆಗಿತ್ತು. ರಕ್ತ ಮಾಂಸಗಳ ಅತಿರೇಕದಲ್ಲಿ ಪಾತ್ರಗಳು ಕಳೆದುಹೋಗಿವೆ ಎಂದು ವಿಮರ್ಶಕರು ಖಂಡಿಸಿದರು. ಮೊರಿಕೋನೆಯವರ ಸಂಗೀತ ವರ್ಷದ ಅತಿ ಕಳಪೆ ಸಂಗೀತವೆಂಬ ಅಣಕು ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು.

ಮನೆಯಲ್ಲಿ ವಿಡಿಯೋ ಕ್ಯಾಸೆಟ್ ಮತ್ತು ಟಿವಿಯ ಮೂಲಕ ಮತ್ತೆ ಮತ್ತೆ ನೋಡುವ ಅನುಕೂಲ ಒದಗಿದ ಮೇಲೆ ಚಿತ್ರದ ಅದೃಷ್ಟ ಬದಲಾಯಿತು. ಯಾರು ಯಾವಾಗ ಕೋಣೆಯಿಂದ ಹೊರಹೋದರು, ಯಾರ ನೆರಳು ಗೋಡೆಯ ಮೇಲೆ ಬಿದ್ದಿತು ಎಂದು ಹಿಂದಕ್ಕೆ ತಿರುಗಿಸಿ ಪರಿಶೀಲಿಸುವ ನೋಡುಗನಿಗಾಗಿಯೇ ಕಟ್ಟಿದಂತಿದ್ದ ಕೃತಿಗೆ ಕೊನೆಗೂ ತಕ್ಕ ಪ್ರೇಕ್ಷಕ ದೊರೆತ. ಏಡ್ಸ್ ಎಂಬ ಹೆಸರು 1982ರ ಸೆಪ್ಟೆಂಬರಿನಲ್ಲಿ ಬಳಕೆಗೆ ಬಂದು, ಎಚ್‌ಐವಿ ಪತ್ತೆಯ ರಕ್ತಪರೀಕ್ಷೆಗೆ 1985ರಲ್ಲಿ ಅನುಮತಿ ದೊರೆತ ನಡುವಿನ ವರ್ಷಗಳಲ್ಲಿ, ಹೊರನೋಟಕ್ಕೆ ಆರೋಗ್ಯವಂತನಾದ ಮನುಷ್ಯನ ರಕ್ತವನ್ನು ಶಂಕಿಸುವ ಸಮಾಜ ತನ್ನ ಭಯವನ್ನು ಈ ಚಿತ್ರದಲ್ಲಿ ಗುರುತಿಸಿತೆಂದು ಅನೇಕ ವಿಮರ್ಶಕರು ನಂತರ ಬರೆದರು. ದಕ್ಷಿಣ ಧ್ರುವದ ಅಮುಂಡ್‌ಸೆನ್–ಸ್ಕಾಟ್ ನೆಲೆಯಲ್ಲಿ ಚಳಿಗಾಲ ಕಳೆಯುವ ತಂಡ, ವರ್ಷದ ಕೊನೆಯ ವಿಮಾನ ಹೊರಟುಹೋದ ಮೇಲೆ ಈ ಚಿತ್ರವನ್ನು ಒಟ್ಟಿಗೆ ಕುಳಿತು ನೋಡುವ ಸಂಪ್ರದಾಯ ಬೆಳೆದಿದೆ. ಮೊರಿಕೋನೆ ಬರೆದು ಆಗ ಬಳಕೆಯಾಗದೆ ಉಳಿದಿದ್ದ ಕೆಲವು ಸಂಗೀತ ಭಾಗಗಳು ಕ್ವೆಂಟಿನ್ ಟ್ಯಾರಂಟಿನೊ ಅವರ 2015ರ ‘ದ ಹೇಟ್‌ಫುಲ್ ಎಯ್ಟ್’ ಚಿತ್ರದಲ್ಲಿ ಸ್ಥಾನ ಪಡೆದವು. ಮ್ಯಾಕ್‌ರೆಡಿಯಾಗಿ ನಟಿಸಿದ್ದ ಕರ್ಟ್ ರಸೆಲ್ ಅವರೇ ಮುಖ್ಯ ಪಾತ್ರವೊಂದರಲ್ಲಿದ್ದ ಆ ಚಿತ್ರದ ಸಂಗೀತಕ್ಕಾಗಿ ಮೊರಿಕೋನೆ ಆಸ್ಕರ್ ಪಡೆದರು.

ಉತ್ತರವಿಲ್ಲದ ಕೊನೆಯ ಅರ್ಥ

ಜೀವಿ ಮತ್ತೆ ಹಿಮದಲ್ಲಿ ಹೆಪ್ಪುಗಟ್ಟಿ ರಕ್ಷಣಾ ತಂಡಕ್ಕಾಗಿ ಕಾಯದಂತೆ ಮಾಡಲು ಉಳಿದವರು ತಮ್ಮ ನೆಲೆಯನ್ನೇ ಸುಟ್ಟುಹಾಕುತ್ತಾರೆ. ಲೋಕವನ್ನು ಉಳಿಸಲು ತಾವು ಚಳಿಗೆ ಬಲಿಯಾಗುವುದು ಖಚಿತವೆಂದು ತಿಳಿದೇ ಮಾಡುವ ಈ ತೀರ್ಮಾನ ಚಿತ್ರದ ನೈತಿಕ ಶಿಖರವಾಗಿದೆ. ಎಲ್ಲ ಮುಗಿದ ಮೇಲೆ ಮ್ಯಾಕ್‌ರೆಡಿ ಮತ್ತು ತಂಡದ ಚೈಲ್ಡ್ಸ್ ಎಂಬಾತ ಇಬ್ಬರೇ ಉಳಿದಿರುತ್ತಾರೆ. ಇಬ್ಬರೂ ರಕ್ತಪರೀಕ್ಷೆಯಲ್ಲಿ ತೇರ್ಗಡೆಯಾದವರೇ ಆದರೂ ಅದರ ನಂತರ ಕೆಲಹೊತ್ತು ಒಬ್ಬರು ಇನ್ನೊಬ್ಬರ ಕಣ್ಣಿಂದ ದೂರವಿದ್ದವರು. ಮತ್ತೊಮ್ಮೆ ಪರೀಕ್ಷಿಸಲು ಉಪಕರಣವಾಗಲಿ ಶಕ್ತಿಯಾಗಲಿ ಉಳಿದಿಲ್ಲ. ಈ ಅನಿಶ್ಚಿತತೆ ಪ್ರೇಕ್ಷಕರಿಗೆ ರುಚಿಸದಿದ್ದರೆ ಇರಲೆಂದು, ಮ್ಯಾಕ್‌ರೆಡಿ ಪಾರಾಗಿ ರಕ್ತಪರೀಕ್ಷೆಯಲ್ಲಿ ಮನುಷ್ಯನೆಂದು ದೃಢಪಡುವ ಇನ್ನೊಂದು ಅಂತ್ಯವನ್ನೂ ಕಾರ್ಪೆಂಟರ್ ಚಿತ್ರೀಕರಿಸಿಟ್ಟಿದ್ದರು, ಆದರೆ ಬಳಸಲಿಲ್ಲ. ಕೆನಡಾದ ಲೇಖಕ ಪೀಟರ್ ವಾಟ್ಸ್ 2010ರಲ್ಲಿ ‘ದ ಥಿಂಗ್ಸ್’ ಎಂಬ ಸಣ್ಣಕಥೆಯಲ್ಲಿ ಇದೇ ಘಟನೆಗಳನ್ನು ಆ ಜೀವಿಯ ದೃಷ್ಟಿಯಿಂದ ಹೇಳಿ, ಒಬ್ಬರೊಡನೊಬ್ಬರು ಬೆರೆಯಲಾರದೆ ತಮ್ಮ ತಮ್ಮ ದೇಹಗಳಲ್ಲಿ ಒಂಟಿಯಾಗಿ ಬದುಕುವ ಮನುಷ್ಯರೇ ಆ ಜೀವಿಗೆ ಭಯಾನಕವಾಗಿ ಕಂಡಿರಬಹುದೆಂದು ತೋರಿಸಿದ್ದು, ಈ ತೆರೆದ ಅಂತ್ಯ ಎಷ್ಟು ಫಲವತ್ತಾದುದು ಎಂಬುದಕ್ಕೆ ಸಾಕ್ಷಿ.

ಯಾರು ಮನುಷ್ಯರು, ಯಾರು ಅಲ್ಲ ಎಂಬ ಕೊನೆಯ ಒಗಟನ್ನು ಬಿಡಿಸಲು ಅಭಿಮಾನಿಗಳು ಉಸಿರಿನ ಆವಿ, ಕಣ್ಣಿನ ಹೊಳಪು, ಕೋಟಿನ ಬಣ್ಣಗಳನ್ನೆಲ್ಲ ಸಾಕ್ಷ್ಯವಾಗಿ ಮುಂದಿಟ್ಟಿದ್ದಾರೆ. ಈ ಹುಡುಕಾಟದಲ್ಲಿ ಸಂತೋಷವಿದೆ; ಆದರೆ ಚಿತ್ರದ ತರ್ಕವನ್ನು ಕೊನೆಯವರೆಗೂ ಅನುಸರಿಸಿದರೆ, ಆ ಇಬ್ಬರು ಎದುರಿಸುತ್ತಿರುವ ಪ್ರಶ್ನೆ ಸಾಕ್ಷ್ಯದಿಂದ ತೀರ್ಮಾನವಾಗುವ ಹಂತವನ್ನು ದಾಟಿ ಹೋಗಿದೆ. ಪರೀಕ್ಷೆಗಳು, ಗುರುತಿನ ಪತ್ರಗಳು, ಪ್ರಮಾಣಗಳು ಒಂದು ಸಮಾಜಕ್ಕೆ ಅಗತ್ಯವೇ. ಅವಿಲ್ಲದಿದ್ದರೆ ಪಾಮರ್‌ನಂಥವರು ಪತ್ತೆಯಾಗುತ್ತಿರಲಿಲ್ಲ. ಆದರೆ ಅವನ್ನೇ ನಂಬಿಕೆಯ ಬದಲಿಗೆ ಇಟ್ಟುಕೊಂಡ ಸಮಾಜ ಪ್ರತಿ ಗಂಟೆಗೂ ಹೊಸ ಪರೀಕ್ಷೆಯನ್ನು ಬೇಡುತ್ತಾ, ಪರೀಕ್ಷೆ ಬರುವಷ್ಟರಲ್ಲಿ ಕ್ಲಾರ್ಕ್‌ನಂಥವರನ್ನು ಬಲಿಕೊಡುತ್ತಾ ಹೋಗಬೇಕಾಗುತ್ತದೆ. ರೂಪ ಬದಲಿಸುವ ಜೀವಿಯ ಕಥೆಯೊಂದು ಈ ಸತ್ಯವನ್ನು ಯಾವ ಉಪದೇಶವನ್ನೂ ಸೇರಿಸದೆ, ಕೇವಲ ತನ್ನ ಘಟನೆಗಳ ಕ್ರಮದಿಂದಲೇ ಸ್ಥಾಪಿಸಿರುವುದರಿಂದ, ‘ದ ಥಿಂಗ್’ ಭಯದ ಚಿತ್ರಗಳ ನಡುವೆ ಮಾತ್ರವಲ್ಲದೆ ಮನುಷ್ಯರು ಒಟ್ಟಾಗಿ ಬಾಳುವುದು ಹೇಗೆಂದು ಗಂಭೀರವಾಗಿ ಯೋಚಿಸಿದ ಕೃತಿಗಳ ನಡುವೆಯೂ ಸ್ಥಾನ ಪಡೆಯಲು ಅರ್ಹವಾಗಿದೆ.